ಕಿರೀಟದ ನಂತರ ಬರುವ ಲೆಕ್ಕ

2025ರ ಮೇ ತಿಂಗಳಿನಲ್ಲಿ ವಿಶ್ವಸುಂದರಿ ಸ್ಪರ್ಧೆ ಹೈದರಾಬಾದಿನಲ್ಲಿ ನಡೆಯಿತು. ರಾಯಚೂರಿನವರಿಗೆ ಹೈದರಾಬಾದ್ ಪರಸ್ಥಳವಲ್ಲ. ಶಕ್ತಿನಗರದ ಹತ್ತಿರ ಕೃಷ್ಣಾ ನದಿಯ ಸೇತುವೆ ದಾಟಿದರೆ ತೆಲಂಗಾಣ, ಅಲ್ಲಿಂದ ಮೂರ್ನಾಲ್ಕು ತಾಸಿನ ದಾರಿ. ಬೆಂಗಳೂರಿಗಾದರೆ ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕು. ದೊಡ್ಡ ಆಸ್ಪತ್ರೆಗೆ, ಮದುವೆ ಜವಳಿಗೆ, ಕೋಚಿಂಗಿಗೆ ನಮ್ಮ ಕಡೆಯ ಎಷ್ಟೋ ಮಂದಿ ಹೋಗುವುದು ಅಲ್ಲಿಗೇ. ಹೀಗಾಗಿ ನೂರಕ್ಕೂ ಹೆಚ್ಚು ದೇಶಗಳ ಯುವತಿಯರು ಅಲ್ಲಿ ಬಂದಿಳಿದಾಗ ನಮ್ಮ ಲೇಡೀಸ್ ಹಾಸ್ಟೆಲಿನ ಮೊಬೈಲುಗಳ ತುಂಬ ಅದರದೇ ರೀಲ್ಸ್. ಮೇ 31ರಂದು ಥಾಯ್ಲೆಂಡಿನ ಓಪಲ್ ಸುಚಾತಾ ಕಿರೀಟ ಗೆದ್ದರು. ನಮ್ಮ ದೇಶದ ನಂದಿನಿ ಗುಪ್ತಾ ಕೊನೆಯ ಎಂಟರಲ್ಲಿ ಬರಲಿಲ್ಲ.

ಅದಕ್ಕಿಂತ ಹೆಚ್ಚು ಚರ್ಚೆಯಾಗಿದ್ದು ಬೇರೆ ಎರಡು ಸಂಗತಿ. ಮುಲುಗು ಜಿಲ್ಲೆಯ ರಾಮಪ್ಪ ದೇವಾಲಯಕ್ಕೆ ಸ್ಪರ್ಧಿಗಳನ್ನು ಕರೆದೊಯ್ದಾಗ ಅವರ ಕಾಲಿಗೆ ಸ್ಥಳೀಯ ಮಹಿಳೆಯರು ನೀರು ಹಾಕಿದ ವಿಡಿಯೊ ಒಂದು. ಇಂಗ್ಲೆಂಡಿನ ಸ್ಪರ್ಧಿ ಅರ್ಧಕ್ಕೇ ವಾಪಸ್ ಹೋಗಿ, ತಮ್ಮನ್ನು ನಡೆಸಿಕೊಂಡ ರೀತಿಯನ್ನು ಟೀಕಿಸಿದ್ದು ಇನ್ನೊಂದು. ಸಂಘಟಕರು ಅದನ್ನು ಅಲ್ಲಗಳೆದರು. ನಮ್ಮ ಹಾಸ್ಟೆಲಿನಲ್ಲಿ ಎರಡು ಪಕ್ಷಗಳಾದವು. ಒಂದು ಪಕ್ಷದವರು ಇದೆಲ್ಲ ಹೆಣ್ಣಿಗೆ ಅವಮಾನ ಎಂದರು. ಇನ್ನೊಂದು ಪಕ್ಷದವರು, ‘ಅವಮಾನಾನೋ ಮಾನಾನೋ, ಒಮ್ಮೆ ಆ ಸ್ಟೇಜ್ ಹತ್ತಿದ್ರ ಸಾಕು, ಸೀರಿಯಲ್ಲು ಸಿನಿಮಾ ತಾವೇ ಬರ್ತಾವು’ ಎಂದರು. ಮೊದಲ ಪಕ್ಷದ ವಾದವನ್ನು ಓದಿದವರು ಬಹಳ ಮಂದಿ ಬರೆದಿದ್ದಾರೆ. ಎರಡನೆಯ ಮಾತನ್ನು ಯಾರೂ ಪರೀಕ್ಷೆ ಮಾಡಿದಂತಿಲ್ಲ. ಕಿರೀಟ ಬಂದ ಮೇಲೆ ನಿಜವಾಗಿ ಏನೇನು ಬರುತ್ತದೆ? ನಮ್ಮ ರಾಜ್ಯದಲ್ಲೇ ಅದಕ್ಕೆ ಸಾಕಷ್ಟು ಉದಾಹರಣೆಗಳಿವೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾವು ಹುಟ್ಟುವ ಮೊದಲು, 1996ರ ನವೆಂಬರಿನಲ್ಲಿ, ಇದೇ ವಿಶ್ವಸುಂದರಿ ಸ್ಪರ್ಧೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದಿತ್ತು. ಆಯೋಜಿಸಿದ್ದು ಅಮಿತಾಭ್ ಬಚ್ಚನ್ ಅವರ ಕಂಪನಿ. ಮಹಿಳಾ ಸಂಘಟನೆಗಳು, ರೈತ ಸಂಘ, ಬಲಪಂಥೀಯರು ಹೀಗೆ ಒಬ್ಬರಿಗೊಬ್ಬರು ಆಗದವರೆಲ್ಲ ಬೇರೆಬೇರೆ ಕಾರಣಕ್ಕೆ ಒಟ್ಟಿಗೇ ವಿರೋಧಿಸಿದ್ದರು. ಈಜುಡುಗೆಯ ಸುತ್ತನ್ನು ಸೀಶೆಲ್ಸ್ ದ್ವೀಪಕ್ಕೆ ಸಾಗಿಸಬೇಕಾಯಿತು. ಸಾವಿರಾರು ಪೊಲೀಸರ ಕಾವಲಿನಲ್ಲಿ ಗ್ರೀಸಿನ ಐರೀನ್ ಸ್ಕ್ಲೀವಾ ಗೆದ್ದರು. 29 ವರ್ಷಗಳ ನಂತರ ಪಕ್ಕದ ಹೈದರಾಬಾದಿಗೆ ಬಂದಾಗ ಅಷ್ಟು ದೊಡ್ಡ ಚಳವಳಿ ಏಳಲಿಲ್ಲ. ಜನ ಬದಲಾದರು ಎಂದು ಕೆಲವರು ಹೇಳುತ್ತಾರೆ. ನನಗನ್ನಿಸುವುದು ಬೇರೆ: ಆಗ ಅದನ್ನು ಹೊರಗಿನಿಂದ ಬಂದ ಸಂಸ್ಕೃತಿಯಾಗಿ ನೋಡಿದರು, ಈಗ ನಮ್ಮ ವಯಸ್ಸಿನವರು ಅದನ್ನು ಒಂದು ಉದ್ಯೋಗದ ದಾರಿಯಾಗಿ ನೋಡುತ್ತಿದ್ದಾರೆ. ಕ್ಯಾಂಪಸ್ಸಿಗೆ ಬೆರಳೆಣಿಕೆಯ ಕಂಪನಿಗಳು ಬರುವ ಕಾಲದಲ್ಲಿ ಯಾವ ದಾರಿಯನ್ನೂ ಬೈಯಲು ಮನಸ್ಸಾಗುವುದಿಲ್ಲ.

ಹಾಗಾದರೆ ಈ ದಾರಿಯಲ್ಲಿ ಹೋದವರನ್ನು ನೋಡೋಣ.

ಬೆಂಗಳೂರಿನ ಆ ಗಲಾಟೆ ಮುಗಿದ ಮರುವರ್ಷವೇ, 1997ರಲ್ಲಿ, ಅದೇ ಊರಿನ ನಫೀಸಾ ಜೋಸೆಫ್ ಮಿಸ್ ಇಂಡಿಯಾ ಯೂನಿವರ್ಸ್ ಆದರು. ಅಮೆರಿಕದ ಮಿಯಾಮಿ ಬೀಚಿನಲ್ಲಿ ನಡೆದ ಮಿಸ್ ಯೂನಿವರ್ಸ್ ಸ್ಪರ್ಧೆಯಲ್ಲಿ ಸೆಮಿಫೈನಲ್ ತಲುಪಿದರು. ಕಿರೀಟ ಬಂದವರೆಲ್ಲ ಹಿಂದಿ ಸಿನಿಮಾದ ಬಾಗಿಲು ತಟ್ಟುತ್ತಿದ್ದ ಕಾಲ ಅದು. 1994ರಲ್ಲಿ ಸುಶ್ಮಿತಾ ಸೇನ್, ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ಒಂದೇ ವರ್ಷ ಎರಡು ವಿಶ್ವ ಕಿರೀಟ ತಂದಿದ್ದ ಬಿಸಿ ಇನ್ನೂ ಆರಿರಲಿಲ್ಲ. ನಫೀಸಾ ಮಾತ್ರ ಟಿವಿ ಹಿಡಿದರು. ಎಂಟಿವಿಯಲ್ಲಿ ನಿರೂಪಕಿಯಾಗಿ ಒಂದು ತಲೆಮಾರಿಗೇ ಪರಿಚಯವಾದರು, ಸೋನಿ ವಾಹಿನಿಯ ‘ಕ್ಯಾಟ್ಸ್’ ಧಾರಾವಾಹಿಯಲ್ಲಿ ನಟಿಸಿದರು. ಅದು ಅಮೆರಿಕದ ‘ಚಾರ್ಲೀಸ್ ಏಂಜಲ್ಸ್’ನ ಭಾರತೀಯ ರೂಪ. 2004ರಲ್ಲಿ, ಕೇವಲ 26ನೇ ವಯಸ್ಸಿನಲ್ಲಿ ತೀರಿಕೊಂಡರು. ಸುಂದರಿ ಎಂದರೆ ಪರದೆ ಮೇಲೆ ಸುಮ್ಮನೆ ನಿಲ್ಲುವವಳು ಎನ್ನುತ್ತಿದ್ದವರ ಎದುರು, ಬರೀ ಮಾತಿನ ಬಲದಿಂದ ಟಿವಿಯಲ್ಲಿ ಜಾಗ ಮಾಡಿಕೊಂಡವರು ಅವರು. ಆದರೆ ಅವರ ಕೆಲಸ ನಡೆದಿದ್ದು ಮುಂಬೈಯಲ್ಲಿ, ಹಿಂದಿ-ಇಂಗ್ಲಿಷಿನಲ್ಲಿ. ಕನ್ನಡದ ಮನೆಗಳಿಗೆ ಅವರು ಹೆಚ್ಚು ತಲುಪಲಿಲ್ಲ.

ಈಗ ನಮ್ಮ ಕಾಲದ, ಅದೂ ನಮ್ಮದೇ ಎಂಜಿನಿಯರಿಂಗ್ ಜಾತಿಯ ಒಬ್ಬರನ್ನು ತೆಗೆದುಕೊಳ್ಳಿ: ಶ್ರೀನಿಧಿ ಶೆಟ್ಟಿ. ‘ಕೆಜಿಎಫ್’ನ ರೀನಾ. (ಚಿನ್ನ ಈಗಲೂ ಸಿಗುತ್ತಿರುವುದು ನಮ್ಮ ಜಿಲ್ಲೆಯ ಹಟ್ಟಿಯಲ್ಲಿ, ಸಿನಿಮಾ ಆಗಿದ್ದು ಗಣಿ ಮುಚ್ಚಿದ ಕೋಲಾರದ್ದು. ಇರಲಿ.) ಮಂಗಳೂರು ಕಡೆಯ ಹುಡುಗಿ, ಮನೆಮಾತು ತುಳು. ಬೆಂಗಳೂರಿನ ಜೈನ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಬಿಇ ಮುಗಿಸಿದರು. ಆಕ್ಸೆಂಚರ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿದರು. ಕೆಲಸ ಮಾಡುತ್ತಲೇ ಮಾಡೆಲಿಂಗ್ ಮಾಡಿದರು. 2015ರಲ್ಲಿ ಮಿಸ್ ಸೌತ್ ಇಂಡಿಯಾ ಸ್ಪರ್ಧೆಯಲ್ಲಿ ಮಿಸ್ ಕರ್ನಾಟಕ ಪಟ್ಟ, 2016ರಲ್ಲಿ ಮಿಸ್ ದಿವಾ ಸ್ಪರ್ಧೆಯಿಂದ ಆಯ್ಕೆ, ಅದೇ ಡಿಸೆಂಬರ್ 2ರಂದು ಪೋಲೆಂಡಿನಲ್ಲಿ ಮಿಸ್ ಸುಪ್ರಾನ್ಯಾಷನಲ್ ಕಿರೀಟ. ಈ ಕಿರೀಟ ಗೆದ್ದ ಎರಡನೆಯ ಭಾರತೀಯರು ಅವರು. ಮೊದಲನೆಯವರು ಯಾರು ಗೊತ್ತೇ? 2014ರಲ್ಲಿ ಗೆದ್ದ ಆಶಾ ಭಟ್. ಅವರು ಭದ್ರಾವತಿಯವರು, ಬೆಂಗಳೂರಿನ ಆರ್‌ವಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದವರು. ಎರಡು ವರ್ಷದ ಅಂತರದಲ್ಲಿ ಒಂದೇ ಜಾಗತಿಕ ಕಿರೀಟ ಕರ್ನಾಟಕದ ಇಬ್ಬರು ಎಂಜಿನಿಯರಿಂಗ್ ಹುಡುಗಿಯರ ತಲೆಗೇರಿತು. ನಮ್ಮ ಕಾಲೇಜಿನ ಯಾವ ಪ್ರೇರಣಾ ಭಾಷಣದಲ್ಲೂ ಇದನ್ನು ಯಾರೂ ಹೇಳಿಲ್ಲ.

ಇಲ್ಲಿ ನಾನು ಗಮನಿಸಿದ್ದು ಅವರ ಎತ್ತರವನ್ನಾಗಲಿ ನಗುವನ್ನಾಗಲಿ ಅಲ್ಲ, ಕ್ರಮವನ್ನು. ಮೊದಲು ಡಿಗ್ರಿ, ಆಮೇಲೆ ಸಂಬಳ, ಜೊತೆಗೆ ಸ್ಪರ್ಧೆ, ಕೊನೆಗೆ ಕಿರೀಟ. ಶ್ರೀನಿಧಿ ಸ್ಪರ್ಧೆಯಲ್ಲಿ ಸೋತಿದ್ದರೂ ಮರುದಿನ ಹೋಗಲು ಒಂದು ಆಫೀಸು ಇತ್ತು. ಬೆಂಗಳೂರಿನಲ್ಲೇ ಇದ್ದುದರಿಂದ ಆಡಿಷನ್ ಎಂದರೆ ನಗರದೊಳಗಿನ ಪ್ರಯಾಣ. ನಮ್ಮ ಹಾಗೆ ಎರಡು ರಾತ್ರಿ ಬಸ್ಸು, ನಡುವೆ ಒಂದು ಹಗಲು, ಉಳಿಯಲು ಸಂಬಂಧಿಕರ ಮನೆ ಅಂತ ಹುಡುಕಬೇಕಿರಲಿಲ್ಲ.

ಕಿರೀಟದ ನಂತರದ ಲೆಕ್ಕವೂ ನೋಡಿ. 2018ರ ಡಿಸೆಂಬರಿನಲ್ಲಿ ‘ಕೆಜಿಎಫ್’ ಮೊದಲ ಭಾಗ ಬಂತು. ದೇಶವೇ ನೋಡಿದ ಸಿನಿಮಾ. ಆದರೂ ಎರಡನೆಯ ಭಾಗ ತೆರೆಗೆ ಬಂದ 2022ರ ಏಪ್ರಿಲ್‌ವರೆಗೆ ಅವರ ಬೇರೆ ಸಿನಿಮಾ ಬರಲಿಲ್ಲ. ಅದೇ ವರ್ಷ ತಮಿಳಿನ ‘ಕೋಬ್ರಾ’. ಮತ್ತೆ ಸುಮಾರು ಮೂರು ವರ್ಷ ಬಿಟ್ಟು, 2025ರಲ್ಲಿ ತೆಲುಗಿನ ‘ಹಿಟ್ 3’ ಮತ್ತು ‘ತೆಲುಸು ಕದಾ’. ಪೋಲೆಂಡಿನ ಆ ರಾತ್ರಿಯಿಂದ ಹೆಚ್ಚುಕಡಿಮೆ ಒಂಬತ್ತು ವರ್ಷದಲ್ಲಿ ಐದು ಸಿನಿಮಾ. ಇದು ಅವರ ಆಯ್ಕೆ ಇರಬಹುದು, ದೊಡ್ಡ ಸಿನಿಮಾಗಳು ಸಮಯ ತಿನ್ನುವುದೂ ನಿಜ. ಆದರೆ ಕೈಯಲ್ಲಿ ಅಂತರರಾಷ್ಟ್ರೀಯ ಕಿರೀಟ, ಹೆಸರಿನ ಮುಂದೆ ‘ಕೆಜಿಎಫ್’ ಇದ್ದವರಿಗೇ ಹೀಗಾದರೆ, ‘ತಾವೇ ಬರ್ತಾವು’ ಎಂಬ ಮಾತನ್ನು ಎಷ್ಟು ನಂಬಬೇಕು? ಆಶಾ ಭಟ್ ಅವರಿಗೂ ಹಿಂದಿಯ ‘ಜಂಗ್ಲಿ’ ಬಂದಿದ್ದು ಗೆದ್ದು ಐದನೇ ವರ್ಷಕ್ಕೆ, 2019ರಲ್ಲಿ. ಕನ್ನಡದ ‘ರಾಬರ್ಟ್’ 2021ರಲ್ಲಿ. ಇಷ್ಟು ವರ್ಷ ಕಾಯಬೇಕಾದರೆ ಮನೆ ಬಾಡಿಗೆ ಕಟ್ಟುವ ಇನ್ನೊಂದು ವ್ಯವಸ್ಥೆ ಇರಬೇಕು. ಕಾಯುವ ಶಕ್ತಿಯೂ ಒಂದು ಬಂಡವಾಳ. ಅದು ಯಾವ ಬಯೊಡೇಟಾದಲ್ಲೂ ಬರೆದಿರುವುದಿಲ್ಲ.

ಧಾರಾವಾಹಿ ಇದಕ್ಕೆ ತದ್ವಿರುದ್ಧ. ಮಾಡೆಲಿಂಗ್, ಸೌಂದರ್ಯ ಸ್ಪರ್ಧೆಗಳ ಕಡೆಯಿಂದ ಬಂದ ಸಂಗೀತಾ ಶೃಂಗೇರಿ 2016ರಲ್ಲಿ ಸ್ಟಾರ್ ಸುವರ್ಣದ ‘ಹರ ಹರ ಮಹಾದೇವ’ದಲ್ಲಿ ಸತಿ, ಪಾರ್ವತಿ ಆದರು. ಆಗ ನಾನು ಮಾನ್ವಿಯಲ್ಲಿ ಪ್ರಾಥಮಿಕ ಶಾಲೆಯಲ್ಲಿದ್ದೆ. ಅವರ ನಿಜವಾದ ಹೆಸರು ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ‘ಪಾರ್ವತಿ ಬಂದಳು, ಸುಮ್ಕಿರ್ರಿ’ ಎಂದರೆ ಮನೆಯೆಲ್ಲ ಸುಮ್ಮನಾಗುತ್ತಿತ್ತು. 2022ರಲ್ಲಿ ‘777 ಚಾರ್ಲಿ’ಯ ದೇವಿಕಾ ಆದಾಗ ನಮ್ಮವ್ವ ಗುರುತಿಸಿದ್ದು ಹಾಗೆಯೇ: ‘ಇಕಿ ನಮ್ ಪಾರ್ವತಿ ಅಲ್ಲೇನು?’ ಆಮೇಲೆ ಬಿಗ್ ಬಾಸ್ ಹತ್ತನೇ ಸೀಸನ್, 2024ರ ಜನವರಿಯ ಫಿನಾಲೆಯಲ್ಲಿ ಮೂರನೇ ಸ್ಥಾನ. ಸ್ಪರ್ಧೆ ಗೆದ್ದವರ ಹೆಸರು ಪೇಪರಿನಲ್ಲಿ ಒಂದು ದಿನ ಬರುತ್ತದೆ. ಧಾರಾವಾಹಿಯ ಮುಖ ಪ್ರತಿದಿನ ಊಟದ ಹೊತ್ತಿಗೆ ಮನೆಗೆ ಬರುತ್ತದೆ. ಆ ನಂಟು ದೊಡ್ಡದು.

ಆದರೆ ಅದು ಕೂಲಿ ಲೆಕ್ಕದ ದುಡಿಮೆ. ಸಾಮಾನ್ಯವಾಗಿ ತಿಂಗಳ ಸಂಬಳವಿರುವುದಿಲ್ಲ. ಎಷ್ಟು ದಿನ ಕರೆದರೋ ಅಷ್ಟು ದಿನದ ಹಣ. ಬೆಳಿಗ್ಗೆ ಮೇಕಪ್ಪಿಗೆ ಕೂತರೆ ರಾತ್ರಿವರೆಗೆ ಚಿತ್ರೀಕರಣ. ಗುರುವಾರ ಬರುವ ಟಿಆರ್‌ಪಿ ಅಂಕಿ ಇಳಿಯುತ್ತ ಹೋದರೆ ಕಥೆ ತಿರುಗುತ್ತದೆ, ಸಮಯ ಬದಲಾಗುತ್ತದೆ, ಇಲ್ಲವೇ ಧಾರಾವಾಹಿಯೇ ಮುಗಿಯುತ್ತದೆ. ನಮ್ಮಲ್ಲಿ ಇಂಟರ್ನಲ್ಸ್ ತಿಂಗಳಿಗೊಂದು, ಅವರಿಗೆ ವಾರಕ್ಕೊಂದು.

ಇಷ್ಟೆಲ್ಲ ನಾನು ಕುಳಿತು ಯೋಚಿಸಲು ಕಾರಣ ದೇವದುರ್ಗದಲ್ಲಿರುವ ನಮ್ಮ ದೊಡ್ಡಪ್ಪನ ಮಗಳು. ಅಕ್ಕ ಬಿಕಾಂ ಮುಗಿಸಿ ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಾಳೆ. ಎತ್ತರ ಇದ್ದಾಳೆ, ಕಾಲೇಜಿನ ನಾಟಕಗಳಲ್ಲಿ ಅವಳೇ ಮುಖ್ಯ ಪಾತ್ರ. ಕಳೆದ ವರ್ಷ ಇನ್‌ಸ್ಟಾಗ್ರಾಂನಲ್ಲಿ ಒಂದು ಸೌಂದರ್ಯ ಸ್ಪರ್ಧೆಯವರು ಅವಳಿಗೆ ಮೆಸೇಜ್ ಹಾಕಿದರು: ಗೆದ್ದವರಿಗೆ ಕನ್ನಡ ಧಾರಾವಾಹಿಯಲ್ಲಿ ಅವಕಾಶ. ಹೆಸರು ನೋಂದಾಯಿಸಲು ಐನೂರು ರೂಪಾಯಿ. ಅಷ್ಟೇ ತಾನೇ ಎಂದು ಕಟ್ಟಿದಳು. ವಾರದೊಳಗೆ ‘ಆಯ್ಕೆಯಾಗಿದ್ದೀರಿ’ ಎಂದು ಫೋನು. ಮೂರು ದಿನದ ಗ್ರೂಮಿಂಗ್‌ಗೆ ಹದಿನೈದು ಸಾವಿರ. ಫೋಟೊ ಪೋರ್ಟ್‌ಫೋಲಿಯೊ ಅವರು ಹೇಳಿದ ಸ್ಟುಡಿಯೊದಲ್ಲೇ ಆಗಬೇಕು, ಅದಕ್ಕೆ ಇಪ್ಪತ್ತು ಸಾವಿರ. ಫಿನಾಲೆಯ ಬಟ್ಟೆ ಬಾಡಿಗೆ ಬೇರೆ. ಹತ್ತಿ ಮಾರಿದ ಹಣದಲ್ಲಿ ದೊಡ್ಡಪ್ಪ ಕೊಟ್ಟರು. ಮಗಳು ಕೇಳಿದಳು ಅಂತ ಕೊಟ್ಟರು, ನಂಬಿ ಕೊಟ್ಟಿದ್ದಲ್ಲ.

ಬೆಂಗಳೂರಿನ ಒಂದು ಹೋಟೆಲಿನಲ್ಲಿ ಫಿನಾಲೆ ಆಯಿತು. ಬಂದವರು ಇಪ್ಪತ್ತೆರಡು ಹುಡುಗಿಯರು. ಅದರಲ್ಲಿ ಹದಿನೆಂಟು ಮಂದಿಗೆ ಒಂದೊಂದು ಪಟ್ಟಿ! ಅತ್ಯುತ್ತಮ ನಗು, ಅತ್ಯುತ್ತಮ ಕೂದಲು, ಅತ್ಯುತ್ತಮ ನಡಿಗೆ. ಅಕ್ಕನಿಗೆ ‘ಮಿಸ್ ಫೋಟೊಜೆನಿಕ್’. ಅಲ್ಲಿ ಅವಳು ಪರಿಚಯ ಹೇಳಿಕೊಂಡಾಗ ತೀರ್ಪುಗಾರರೊಬ್ಬರು ನಕ್ಕು, ‘ನಿಮ್ಮ ಭಾಷೆ ಕಾಮಿಡಿ ಪಾತ್ರಕ್ಕೆ ತುಂಬಾ ಚೆನ್ನಾಗಿದೆ’ ಎಂದರಂತೆ. ಧಾರಾವಾಹಿಯ ಕರೆ ಇವತ್ತಿಗೂ ಬಂದಿಲ್ಲ. ಮುಂದಿನ ಸೀಸನ್ನಿಗೆ ಗೆಳತಿಯರನ್ನು ಕರೆತಂದರೆ ರಿಯಾಯಿತಿ ಎಂಬ ಮೆಸೇಜ್ ಮಾತ್ರ ಬಂದಿದೆ.

ಎಲ್ಲ ಸ್ಪರ್ಧೆಗಳೂ ಹೀಗೆಂದು ನಾನು ಹೇಳುವುದಿಲ್ಲ. ಎಂಜಿನಿಯರಿಂಗ್‌ನಲ್ಲಿ ನಾವು ಮೊದಲು ಕೇಳುವುದು ಕರೆಂಟ್ ಯಾವ ದಿಕ್ಕಿಗೆ ಹರಿಯುತ್ತಿದೆ ಎಂದು. ಇಲ್ಲೂ ಅದನ್ನೇ ಕೇಳಿದರೆ ಸಾಕು, ಹಣ ಯಾವ ದಿಕ್ಕಿಗೆ ಹರಿಯುತ್ತಿದೆ? ಪ್ರಾಯೋಜಕರಿಂದ, ಪ್ರೇಕ್ಷಕರಿಂದ ಬರುತ್ತಿದ್ದರೆ ಅದು ಸ್ಪರ್ಧೆ. ಸ್ಪರ್ಧಿಗಳ ಅಪ್ಪಂದಿರಿಂದಲೇ ಬರುತ್ತಿದ್ದರೆ ಅಲ್ಲಿ ಸ್ಪರ್ಧಿಯೇ ಗಿರಾಕಿ, ಕಿರೀಟವೇ ಸರಕು. ಗಿರಾಕಿಗೆ ಬೇಸರವಾಗಬಾರದಲ್ಲ, ಅದಕ್ಕೇ ಹದಿನೆಂಟು ಪಟ್ಟಿ.

ಆ ತೀರ್ಪುಗಾರರ ಮಾತು ಮಾತ್ರ ನನ್ನನ್ನು ಬಹಳ ದಿನ ಕಾಡಿತು. ಈ ಲೇಖನದಲ್ಲಿ ಬಂದ ಹೆಸರುಗಳ ಊರು ನೋಡಿ: ಬೆಂಗಳೂರು, ಮಂಗಳೂರು, ಭದ್ರಾವತಿ, ಶೃಂಗೇರಿ. ತುಂಗಭದ್ರೆಯ ಈಚೆಗಿನದು ಒಂದೂ ಇಲ್ಲ. 2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತ್ತು. ದೇವದುರ್ಗ, ಮಾನ್ವಿ ಎರಡೂ ಆ ಪಟ್ಟಿಯಲ್ಲಿವೆ. ಶಾಲೆ, ರಸ್ತೆ, ಆಸ್ಪತ್ರೆಯ ಲೆಕ್ಕ ಅದು. ಪರದೆಯ ಮೇಲಿನ ಹಿಂದುಳಿದಿರುವಿಕೆಯನ್ನು ಯಾವ ಸಮಿತಿಯೂ ಅಳೆದಿಲ್ಲ. ಸರ್ಕಾರಿ ಕೆಲಸ, ಕಾಲೇಜು ಸೀಟಿನಲ್ಲಿ ನಮಗೆ 371 (ಜೆ) ಇದೆ. ಧಾರಾವಾಹಿಯ ನಾಯಕಿಯ ಪಾತ್ರಕ್ಕೆ ಅಂಥದ್ದೇನೂ ಇರಲು ಸಾಧ್ಯವಿಲ್ಲ, ಕೇಳುವುದೂ ಸರಿಯಲ್ಲ. ಆದರೆ ಟಿವಿಯಲ್ಲಿ ನಮ್ಮ ಮಾತಿಗೆ ಸಿಗುವ ಜಾಗ ಎರಡೇ ಎಂಬುದನ್ನು ಹೇಳಲೇಬೇಕು. ಒಂದು ನಗಿಸುವ ಪಾತ್ರ, ಇನ್ನೊಂದು ಮುಗ್ಧ. ಹಾವೇರಿ ಜಿಲ್ಲೆಯ ಕುರಿಗಾಹಿ ಹನುಮಂತ ‘ಸರಿಗಮಪ’ದಲ್ಲಿ ಹಾಡಿ ಹೆಸರಾದಾಗ, 2025ರ ಜನವರಿಯಲ್ಲಿ ಬಿಗ್ ಬಾಸ್ 11 ಗೆದ್ದಾಗ ನಾವೆಲ್ಲ ಕುಣಿದಿದ್ದೇವೆ. ಅವರ ಗೆಲುವು ದೊಡ್ಡದು. ಆದರೆ ಹೊಗಳಿದವರೆಲ್ಲ ಹೊಗಳಿದ್ದು ಮುಗ್ಧತೆಯನ್ನು. ಆಟ ಆಡಿ ಗೆದ್ದವನ ಬುದ್ಧಿಯನ್ನು ಯಾಕೆ ಹೊಗಳಲಿಲ್ಲ? ನಮ್ಮ ಮಾತಿನಲ್ಲಿ ಕೋಪ ಮಾಡುವ, ಪ್ರೀತಿಸುವ, ಕಂಪನಿ ನಡೆಸುವ ನಾಯಕಿ ಪ್ರೈಮ್ ಟೈಮಿನಲ್ಲಿ ಎಲ್ಲಿದ್ದಾಳೆ?

ಒಂದು ಬಾಗಿಲು ಸ್ವಲ್ಪ ತೆರೆದಿದೆ, ಅದನ್ನೂ ಹೇಳಬೇಕು. 2024ರಲ್ಲಿ ಜೀ ಕನ್ನಡ ‘ಮಹಾನಟಿ’ ಎಂಬ ಸ್ಪರ್ಧೆ ತಂದಿತು. ಆಡಿಷನ್ ಮಾಡಲು ಅವರೇ ಜಿಲ್ಲೆಗಳಿಗೆ ಬಂದರು. ಅಲ್ಲಿ ನೋಡಿದ್ದು ನಡಿಗೆಯನ್ನಲ್ಲ, ನಟನೆಯನ್ನು. ಗೆದ್ದ ಮೈಸೂರಿನ ಪ್ರಿಯಾಂಕಾ ಆಚಾರ್ 2025ರಲ್ಲಿ ‘ಏಳುಮಲೆ’ ಸಿನಿಮಾದ ನಾಯಕಿಯಾದರು. ಅಲ್ಲಿ ತೀರ್ಪುಗಾರರಾಗಿದ್ದ ತರುಣ್ ಸುಧೀರ್ ಅವರೇ ಅದರ ನಿರ್ಮಾಪಕರು. ಅಂದರೆ ಸ್ಪರ್ಧೆಗೂ ಕೆಲಸಕ್ಕೂ ನಡುವೆ ಒಂದು ಸೇತುವೆ ಇತ್ತು. ಯಾವ ಹುಡುಗಿಯೂ ನೋಂದಣಿ ಹಣ ಕಟ್ಟುವ ಮೊದಲು ಕೇಳಬೇಕಾದ್ದು ಇದನ್ನೇ: ನಿಮ್ಮಲ್ಲಿ ಹಿಂದೆ ಗೆದ್ದವರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ? ಬರವಣಿಗೆಯಲ್ಲಿ ಒಪ್ಪಂದ ಕೊಡುತ್ತೀರಾ? ನನ್ನ ಫೋಟೊಗಳು ಯಾರ ಸ್ವತ್ತು?

ಇನ್ನೊಂದು ದಾರಿ ಹಳೆಯದು, ನಿಧಾನದ್ದು. ಮತ್ತೆ ‘ಕೆಜಿಎಫ್’ ನೆನಪಿಸಿಕೊಳ್ಳಿ. ಅದರಲ್ಲಿ ರಾಜಕಾರಣಿ ಗುರುಪಾಂಡ್ಯನ್ ಆಗಿದ್ದ ಅಚ್ಯುತ್ ಕುಮಾರ್ ಬಂದಿದ್ದು ಸಾಗರದ ಹತ್ತಿರದ ಹೆಗ್ಗೋಡಿನ ನೀನಾಸಂನಿಂದ. ಕಿರೀಟದಿಂದ ಬಂದವರು ಐದು ಸಿನಿಮಾ ಮಾಡಿದ ಅವಧಿಯಲ್ಲಿ ರಂಗಭೂಮಿಯಿಂದ ಬಂದ ಇವರು ಎಷ್ಟು ಸಿನಿಮಾಗಳಲ್ಲಿ ಕಾಣಿಸಿಕೊಂಡರು ಎಂದು ಎಣಿಸಲು ಹೋಗಿ ನಾನು ಅರ್ಧಕ್ಕೇ ಬಿಟ್ಟೆ. ಹೋಲಿಕೆ ಪೂರ್ತಿ ನ್ಯಾಯದ್ದಲ್ಲ, ನಮ್ಮ ಸಿನಿಮಾಗಳಲ್ಲಿ ನಾಯಕಿಗೆ ಸಿಗುವ ವರ್ಷಗಳೇ ಕಡಿಮೆ. ಆದರೂ ಕೆಲಸ ಕಲಿತವರಿಗೆ ಮುಖ ಮಾಗಿದಂತೆ ಪಾತ್ರಗಳು ಹೆಚ್ಚುತ್ತವೆ, ಮುಖ ಮಾತ್ರ ನಂಬಿದವರಿಗೆ ಕಡಿಮೆಯಾಗುತ್ತವೆ. ರಂಗಾಯಣ ನಮ್ಮ ಪಕ್ಕದ ಕಲಬುರಗಿಯಲ್ಲೇ ಇದೆ. ರಾಯಚೂರಿನಲ್ಲಿ ನಾಟಕ ಆಡುವವರಿಗೆ ಬರವಿಲ್ಲ, ನೋಡಲು ಹೋಗುವ ನಮ್ಮಂಥ ವಿದ್ಯಾರ್ಥಿಗಳೇ ಕಡಿಮೆ.

ದೀಪಾವಳಿಗೆ ದೇವದುರ್ಗಕ್ಕೆ ಹೋದಾಗ ಅಕ್ಕ ನೀನಾಸಂ ಡಿಪ್ಲೊಮಾಗೆ ಅರ್ಜಿ ಯಾವಾಗ ಕರೆಯುತ್ತಾರೆಂದು ಮೊಬೈಲಿನಲ್ಲಿ ಹುಡುಕುತ್ತಿದ್ದಳು. ಒಂದು ವರ್ಷ ಶಾಲೆಯ ಕೆಲಸ ಬಿಡಬೇಕಾಗುತ್ತದೆ, ಮನೆಯಲ್ಲಿ ಮದುವೆಯ ಮಾತು ಬೇರೆ ನಡೆದಿದೆ. ಸಂದರ್ಶನಕ್ಕೆ ಹೋದರೆ ಹೇಗೆ ಮಾತಾಡಲಿ ಎಂದು ನನ್ನನ್ನು ಕೇಳಿದಳು. ನೀನು ಮನೆಯಾಗ ಹೆಂಗ ಮಾತಾಡ್ತೀಯೋ ಹಂಗ ಮಾತಾಡಕ್ಕ ಎಂದೆ. ಬಾಗಿಲಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ದೊಡ್ಡಪ್ಪ ಕೇಳಿದ್ದು ಒಂದೇ ಮಾತು: ‘ಅಲ್ಲೂ ಮೊದಲ ರೊಕ್ಕಾನ ಕೇಳ್ತಾರೇನು?’ ಅರ್ಜಿ ಬಂದ ಮೇಲೆ ಪೂರ್ತಿ ಓದಿ ಹೇಳುತ್ತೇವೆ ಎಂದೆವು.